ಮೈಮೇಲೆ ಬರೆಯುವ ಬಣ್ಣದ ವಿಚಾರ

ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೆ ಮೈಗೆ ಬಣ್ಣ ಹಚ್ಚುವುದು ಹೊಸ ಸಂಗತಿಯೇನೂ ಅಲ್ಲ. ಮಾರ್ನೆಮಿ ಬಂತೆಂದರೆ ತಾಸೆ ಡೋಲಿನ ಸದ್ದಿನೊಡನೆ ಹುಲಿವೇಷ ಅಂಗಳಕ್ಕೆ ಬರುತ್ತದೆ. ನೇಮದಲ್ಲಿ ದೈವ ಕಟ್ಟುವವರ ಮುಖಕ್ಕೆ ಅರದಾಳದ ಹಳದಿ ಏರುತ್ತದೆ. ಆಟದ ಚೌಕಿಯಲ್ಲಿ ಬಣ್ಣದ ವೇಷದವರು ಕನ್ನಡಿ ಹಿಡಿದು ಗಂಟೆಗಟ್ಟಲೆ ಕುಳಿತಿರುತ್ತಾರೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿದೆ. ಜಾತ್ರೆಯ ಗದ್ದೆಯಲ್ಲಿ, ಗಣೇಶೋತ್ಸವದ ಚಪ್ಪರದ ಬದಿಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಕೆನ್ನೆಯ ಮೇಲೂ ತೋಳಿನ ಮೇಲೂ ಕಾರ್ಟೂನ್ ಚಿತ್ರ ಬರೆಯುವುದೇ ಅದು. 2008ರಲ್ಲಿ ಟಿ.ವಿ.ಗೆ ಬಂದ ಛೋಟಾ ಭೀಮ್, 2012ರಲ್ಲಿ ಬಂದ ಮೋಟು ಪತ್ಲು, ಜಪಾನಿನ ನೀಲಿ ಬೆಕ್ಕು ಡೋರೇಮಾನ್, ಅಮೆರಿಕದ ಜೇಡ ಮನುಷ್ಯ, ಇವರೆಲ್ಲ ಈಗ ನಮ್ಮ ಹಳ್ಳಿಯ ಮಕ್ಕಳಿಗೆ ಚಿರಪರಿಚಿತರು.

ಚಿತ್ರ ಬರೆಸಿಕೊಂಡ ಮಗುವಿನ ಮುಖದ ಸಂತೋಷ ನೋಡುವಂಥದ್ದು. ಅದಕ್ಕೆ ಅಡ್ಡಿ ಹೇಳಲು ಈ ಲೇಖನ ಬರೆಯುತ್ತಿಲ್ಲ. ನನ್ನ ತಕರಾರು ಚಿತ್ರದ ಮೇಲಲ್ಲ, ಡಬ್ಬಿಯ ಮೇಲೆ. ಯಾವ ಡಬ್ಬಿಯಿಂದ ಬಣ್ಣ ತೆಗೆದು ಮಗುವಿನ ಕೆನ್ನೆಗೆ ಹಚ್ಚುತ್ತೀರಿ ಎಂಬುದನ್ನು ಉತ್ಸವದ ಸಮಿತಿಯವರಾಗಲಿ ಹೆತ್ತವರಾಗಲಿ ಸಾಮಾನ್ಯವಾಗಿ ಕೇಳುವುದಿಲ್ಲ. ಕಳೆದ ತಿಂಗಳು ಗೇಟಿಗೆ ಬಳಿದು ಉಳಿದ ಎನಾಮೆಲ್ ಪೈಂಟ್, ಶಾಲೆಯ ಪೋಸ್ಟರ್ ಬಣ್ಣ, ಸ್ಕೆಚ್ ಪೆನ್ನು, ಹೀಗೆ ಕೈಗೆ ಸಿಕ್ಕಿದ್ದು ಮಗುವಿನ ಮೈಗೆ ಹೋಗುತ್ತದೆ.

ಮೊದಲು ಎನಾಮೆಲ್ ಪೈಂಟಿನ ಸಂಗತಿ ನೋಡೋಣ. ಹುಲಿವೇಷದ ಹಲವು ತಂಡಗಳಲ್ಲಿ ಇದನ್ನೇ ಹಚ್ಚುವ ರೂಢಿ ಬೆಳೆದಿದೆ. ಕಾರಣವೂ ಸ್ಪಷ್ಟ: ಹೊಳಪು ಜಾಸ್ತಿ, ಬೆವರಿಗೆ ಹೋಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ, ಎರಡು ಮೂರು ದಿನ ಕುಣಿದರೂ ಪಟ್ಟೆ ಅಳಿಸುವುದಿಲ್ಲ. ಆದರೆ ಈ ಗುಣಗಳೆಲ್ಲ ಮರಕ್ಕೂ ಕಬ್ಬಿಣಕ್ಕೂ ಬೇಕಾದ ಗುಣಗಳು. ಪೈಂಟಿನಲ್ಲಿ ಬಣ್ಣದ ಪುಡಿ, ಅಂಟು ಮತ್ತು ಅದನ್ನು ತೆಳ್ಳಗೆ ಮಾಡುವ ಟರ್ಪೆಂಟೈನ್ ಜಾತಿಯ ದ್ರವ ಇರುತ್ತವೆ. ಬಳಿದ ಮೇಲೆ ಈ ದ್ರವ ಆವಿಯಾಗಿ ಹೋಗುತ್ತದೆ. ಅಂಟು ಗಾಳಿಯೊಡನೆ ಸೇರಿ ಗಟ್ಟಿ ಪೊರೆಯಾಗುತ್ತದೆ. ನಮ್ಮ ಚರ್ಮದ ಮೇಲೆ ಸ್ವಾಭಾವಿಕವಾಗಿ ಎಣ್ಣೆಯ ತೆಳು ಪಸೆ ಇದೆ. ಹೊರಗಿನದು ಒಳಗೆ ಇಳಿಯದಂತೆ ಅದು ಬೇಲಿಯಾಗಿ ನಿಂತಿದೆ. ಟರ್ಪೆಂಟೈನ್ ಮೊದಲು ಈ ಬೇಲಿಯನ್ನೇ ಕಿತ್ತುಹಾಕುತ್ತದೆ. ಬೇಲಿ ಕಿತ್ತ ತೋಟಕ್ಕೆ ದನ ನುಗ್ಗಿದ ಹಾಗೆ, ಆಮೇಲೆ ಬಣ್ಣದಲ್ಲಿರುವುದೆಲ್ಲ ಚರ್ಮಕ್ಕೆ ತಾಗುತ್ತದೆ. ಉರಿ, ತುರಿಕೆ, ಕೆಂಪು ಗುಳ್ಳೆ, ಚರ್ಮ ಒಣಗಿ ಬಿರಿಯುವುದು, ಇವು ಇದರ ಫಲ.

ಮದ್ದು ಬಿಡುವ ಕೆಲಸ ನಿಮಗೆ ಗೊತ್ತಿದೆ. ಮಳೆಗಾಲದ ಮೊದಲು ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿಸಿ ಬೋರ್ಡೋ ದ್ರಾವಣ ಮಾಡುತ್ತೀರಿ. ಅಡಿಕೆಗೊನೆಗೆ ಅಷ್ಟು ಉಪಕಾರಿಯಾದ ಆ ದ್ರಾವಣವನ್ನು ಯಾರಾದರೂ ಮಗುವಿನ ಮುಖಕ್ಕೆ ಸಿಂಪಡಿಸುತ್ತಾರೆಯೇ? ಒಂದಕ್ಕೆಂದು ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ ಎಂಬುದು ತೋಟದಲ್ಲಿ ನಮಗೆ ಸಲೀಸಾಗಿ ಅರ್ಥವಾಗುತ್ತದೆ. ಹಬ್ಬದ ದಿನ ಮಾತ್ರ ಮರೆತುಹೋಗುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ಮೈಬಣ್ಣ ಕಲಸುವುದಾಗಲಿ, ತೋಟಕ್ಕೆ ಮದ್ದು ಹೊಡೆದ ಪಂಪಿನಿಂದ ಮೈಗೆ ಬಣ್ಣ ಸಿಂಪಡಿಸುವುದಾಗಲಿ ಎಂದಿಗೂ ಕೂಡದು. ಎಷ್ಟು ಸಲ ತೊಳೆದರೂ ಡಬ್ಬಿಯ ಸಂದಿಯಲ್ಲೂ ಪಂಪಿನ ಕೊಳವೆಯಲ್ಲೂ ವಿಷದ ಅಂಶ ಉಳಿದಿರುತ್ತದೆ. ಅದು ಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ.

ಪೈಂಟಿನಲ್ಲಿ ಸೀಸವೂ ಇರಬಹುದು. ಸೀಸವೆಂಬ ಲೋಹ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ; ಇಷ್ಟಿದ್ದರೆ ಅಪಾಯವಿಲ್ಲ ಎಂದು ಹೇಳುವಂಥ ಅಳತೆ ಅದಕ್ಕೆ ಇಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಭಾರತ ಸರಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಆದರೆ ಅಟ್ಟದ ಮೇಲೆ ಹಿಂದಿನಿಂದ ಉಳಿದ ಹಳದಿ, ಕಿತ್ತಳೆ, ಕೆಂಪು ಡಬ್ಬಿಗಳು ಇದರ ಮೊದಲಿನವೂ ಇರಬಹುದು. ಇನ್ನು ಮೈಗೆ ಹಚ್ಚುವ ಪದಾರ್ಥಗಳಿಗೆ ಬೇರೆಯೇ ಕಾನೂನು ಉಂಟು. 2020ರ ಸೌಂದರ್ಯವರ್ಧಕ ನಿಯಮಗಳಲ್ಲಿ ಸೀಸದ ಮತ್ತು ಆರ್ಸೆನಿಕ್ಕಿನ ಸಂಯುಕ್ತಗಳನ್ನು ಬಣ್ಣಕ್ಕಾಗಿ ಬಳಸುವುದನ್ನೇ ನಿಷೇಧಿಸಿದೆ. ಗೋಡೆಗೆ ಒಂದು ಲೆಕ್ಕ, ಚರ್ಮಕ್ಕೆ ಇನ್ನೊಂದು ಲೆಕ್ಕ ಎಂದು ಸರಕಾರವೇ ಬೇರ್ಪಡಿಸಿದ ಮೇಲೆ ನಾವು ಎರಡನ್ನೂ ಒಂದು ಮಾಡುವುದು ಯಾಕೆ?

ಹಾಗಾದರೆ ಹಿಂದಿನವರ ಬಣ್ಣವೇ ವಾಸಿ ಎಂದು ಹಿರಿಯರು ಹೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಬಣ್ಣಗಾರರು ತೆಂಗಿನೆಣ್ಣೆಯಲ್ಲಿ ಬಣ್ಣ ಅರೆದು ಹಚ್ಚುತ್ತಿದ್ದರು, ಎಣ್ಣೆಯಿಂದಲೇ ತೆಗೆಯುತ್ತಿದ್ದರು. ಆ ಕ್ರಮ ಒಳ್ಳೆಯದೇ. ಬಣ್ಣದ ವೇಷದ ಮುಖದಲ್ಲಿ ಚುಟ್ಟಿ ಇಡುವುದಕ್ಕೆ ಅಕ್ಕಿಹಿಟ್ಟು, ಸುಣ್ಣ ಸಾಕಾಗಿತ್ತು. ಆದರೆ ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಇಂಗಳಿಕವೆಂದರೆ ಪಾದರಸ ಮತ್ತು ಗಂಧಕ. ಎರಡೂ ವಿಷದ ವರ್ಗಕ್ಕೆ ಸೇರಿದವು. ಪುತ್ತೂರಿನ ಬಾಲವನದಲ್ಲಿದ್ದು ಬರೆದ ಡಾ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವೇಷದ ಕಲೆಯನ್ನು ಅಷ್ಟು ಗೌರವಿಸಿದ ನೆಲ ನಮ್ಮದು. ಆ ಕಲೆಯವರೇ ಈಗ ಅರದಾಳ, ಇಂಗಳಿಕಗಳನ್ನು ಬಿಟ್ಟು ಬೇರೆ ಬಣ್ಣಗಳಿಗೆ ಬರುತ್ತಿದ್ದಾರೆಂದರೆ ಮಕ್ಕಳ ಕೆನ್ನೆಗೆ ಆ ಪುಡಿಗಳು ಬೇಕಾಗಿಯೇ ಇಲ್ಲ.

'ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ' ಎಂಬ ಮಾತನ್ನೂ ನಂಬಬೇಡಿ. ಹಸಿ ಗೇರುಬೀಜದ ಸೊನೆ ತಾಗಿದರೆ ಚರ್ಮ ಹೇಗೆ ಸುಟ್ಟು ಕಪ್ಪಾಗುತ್ತದೆಂದು ಬೀಜ ಹೆಕ್ಕುವವರಿಗೆಲ್ಲ ಗೊತ್ತಿದೆ. ಅದೂ ಗಿಡದಿಂದಲೇ ಬಂದದ್ದು! ಹಾಗೆಯೇ ಜಾತ್ರೆಯಲ್ಲಿ ಅರ್ಧ ಗಂಟೆಗೆ ಕಪ್ಪಾಗುವ 'ಕಪ್ಪು ಮೆಹಂದಿ' ಕಂಡರೆ ದೂರ ಇರಿ. ನಿಜವಾದ ಮದರಂಗಿ ಕಪ್ಪಾಗುವುದಿಲ್ಲ. ಕಿತ್ತಳೆಯಿಂದ ಕಂದು ಆಗುತ್ತದೆ, ಅದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಬೇಗ ಕಪ್ಪಾಗಲೆಂದು ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕವನ್ನು ಅದಕ್ಕೆ ಬೆರೆಸುತ್ತಾರೆ. ಚಿತ್ರ ಬರೆದ ಗೆರೆಯ ಉದ್ದಕ್ಕೂ ಬೊಕ್ಕೆ ಎದ್ದು ಕಲೆ ಉಳಿದ ಪ್ರಕರಣಗಳು ಪ್ರಪಂಚದ ಅನೇಕ ದೇಶಗಳಲ್ಲಿ ದಾಖಲಾಗಿವೆ. ಒಮ್ಮೆ ಹಾಗಾದ ಮಗುವಿಗೆ ದೊಡ್ಡವನಾದ ಮೇಲೆ ಕೂದಲ ಬಣ್ಣವೂ ಒಗ್ಗದೆ ಹೋಗಬಹುದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಮೈಯೆಲ್ಲ ಬಣ್ಣ ಹಚ್ಚಿದರೆ ಚರ್ಮಕ್ಕೆ ಉಸಿರಾಡಲಾಗದೆ ಪ್ರಾಣ ಹೋಗುತ್ತದೆಂದು ಕೆಲವರು ಹೆದರಿಸುತ್ತಾರೆ. ಕಪ್ಪೆ ಚರ್ಮದಿಂದ ಉಸಿರಾಡುತ್ತದೆ, ನಾವಲ್ಲ. ನಮ್ಮ ಚರ್ಮದ ಕೆಲಸ ಬೆವರಿ ಮೈಯನ್ನು ತಣ್ಣಗಿಡುವುದು. ಗಟ್ಟಿ ಪೊರೆಯ ಕೆಳಗೆ ಬೆವರು ಸಿಕ್ಕಿಕೊಂಡರೆ, ಆವಿಯಾಗದಿದ್ದರೆ, ಮೈಯ ಬಿಸಿ ಇಳಿಯುವುದಿಲ್ಲ. ನಮ್ಮ ಕರಾವಳಿ ಕಡೆಯ ಸೆಕೆಯಲ್ಲಿ, ತಲೆಯ ಮೇಲೆ ಹುಲಿಮಂಡೆ ಇಟ್ಟು, ಹಲ್ಲಿನಿಂದ ಅಕ್ಕಿಮುಡಿ ಎತ್ತಿ ಹಾರಿಸುವ ಯುವಕನಿಗೆ ಇದು ಸಣ್ಣ ವಿಷಯವಲ್ಲ. ತಲೆಸುತ್ತು, ವಾಂತಿ, ಮಾತು ತಡವರಿಸುವುದು ಕಂಡರೆ ಕುಣಿತ ನಿಲ್ಲಿಸಿ ನೆರಳಿಗೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಬೇಕು. ಎಚ್ಚರವಿದ್ದರೆ ಮಾತ್ರ ನೀರು ಕುಡಿಸಬೇಕು. ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಯಾವುದನ್ನು ಬಳಸಬಹುದು ಎಂಬ ಪ್ರಶ್ನೆ. ಅಂಗಡಿಯಲ್ಲಿ ಮುಖಕ್ಕೆ, ಮೈಗೆ ಹಚ್ಚುವುದಕ್ಕೆಂದೇ ಮಾಡಿದ ನೀರಿನ ಬಣ್ಣ ಸಿಗುತ್ತದೆ. ಡಬ್ಬಿಯ ಮೇಲೆ 'ಚರ್ಮಕ್ಕೆ' ಅಥವಾ 'ಮುಖಕ್ಕೆ' ಎಂದು ಬರೆದಿದೆಯೇ, ತಯಾರಕರ ಹೆಸರು ವಿಳಾಸ, ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇವೆಯೇ ಎಂದು ನೋಡಿ. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟೆಂದು ಓದುವವರಿಗೆ ಇದು ಕಷ್ಟವಲ್ಲ. ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಮಾತಿದೆ. ಶಾಲೆಯ ಜಲವರ್ಣದ ಡಬ್ಬಿಯ ಮೇಲೂ, ಸ್ಕೆಚ್ ಪೆನ್ನಿನ ಮೇಲೂ 'ವಿಷವಲ್ಲದ್ದು' ಎಂದು ಬರೆದಿರುತ್ತದೆ. ಅದರರ್ಥ ಕಾಗದದ ಮೇಲೆ ಬರೆಯುವಾಗ ಅಪಾಯವಿಲ್ಲವೆಂದು ಮಾತ್ರ. ಚರ್ಮಕ್ಕೆ ಹಚ್ಚಿ ಮೂರು ಗಂಟೆ ಬಿಸಿಲಲ್ಲಿ ಬಿಡಬಹುದೆಂದು ಅಲ್ಲ.

ಮನೆಯಲ್ಲೂ ಮಾಡಬಹುದು. ಮಹಿಳಾ ಮಂಡಲದ ಅಕ್ಕಂದಿರು ಇದನ್ನು ಒಂದು ಸಂಜೆಯಲ್ಲಿ ಕಲಿತುಬಿಡುತ್ತಾರೆ. ಎರಡು ಚಮಚ ಕೂವೆಹಿಟ್ಟು, ಒಂದು ಚಮಚ ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮ್, ಒಂದು ಚಮಚದಷ್ಟು ಕುದಿಸಿ ಆರಿಸಿದ ನೀರು ಸೇರಿಸಿ ಗಂಟಿಲ್ಲದಂತೆ ಕಲಸಿದರೆ ಬಿಳಿ ಬಣ್ಣವಾಯಿತು. ಅದಕ್ಕೆ ಮನೆಯ ಅರಿಶಿನದ ಕೊಂಬನ್ನು ತೇಯ್ದು ಸೇರಿಸಿದರೆ ಹಳದಿ. ಪೇಟೆಯ ಅಗ್ಗದ ಅರಿಶಿನಪುಡಿ ಬೇಡ. ಹೊಳಪಿಗಾಗಿ ಸೀಸದ ಹಳದಿ ಬೆರೆಸಿದ ಪುಡಿಯೂ ಮಾರುಕಟ್ಟೆಗೆ ಬರುವುದುಂಟು. ಮುಳ್ಳುಮುಳ್ಳಾದ ಕೆಂಪು ಕಾಯಿ ಬಿಡುವ ರಂಗುಮಾಲೆ ಗಿಡ ಕೆಲವರ ಹಿತ್ತಿಲಲ್ಲಿ ಇದೆ. ಅದರ ಬೀಜವನ್ನು ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ಉಜ್ಜಿದರೆ ಹುಲಿಗೆ ತಕ್ಕ ಕಿತ್ತಳೆ ಬರುತ್ತದೆ. ಕಳಿತ ಬಸಳೆ ಹಣ್ಣನ್ನು ಹಿಂಡಿದರೆ ನೇರಳೆ ಬಣ್ಣ. ಎಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ತೆಗೆದ ಕಾಡಿಗೆಗೆ ತೆಂಗಿನೆಣ್ಣೆ ಸೇರಿಸಿದರೆ ಗೆರೆ ಎಳೆಯುವ ಕಪ್ಪು. ನೀಲಿ ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಡೋರೇಮಾನ್ ಬೇಕೆಂದು ಹಟ ಹಿಡಿದ ಮಗುವಿಗೆ ನೀಲಿಯ ಒಂದು ಡಬ್ಬಿ ಪೇಟೆಯಿಂದ ತರಬಹುದು. ಬಟ್ಟೆಗೆ ಹಾಕುವ ನೀಲಿಯನ್ನು ಕಲಸಬೇಡಿ. ಮನೆಯಲ್ಲಿ ಮಾಡಿದ ಬಣ್ಣ ಕೆಡದಂತೆ ಇಡುವ ಮದ್ದು ಅದರಲ್ಲಿಲ್ಲವಾದ ಕಾರಣ ಆ ದಿನದ್ದು ಆ ದಿನವೇ ಮುಗಿಯಬೇಕು. ಉಳಿದದ್ದನ್ನು ಚೆಲ್ಲಿಬಿಡಿ.

ಅಂಗಡಿಯದಾಗಲಿ ಮನೆಯದಾಗಲಿ, ಹಬ್ಬದ ಹಿಂದಿನ ದಿನ ಮಗುವಿನ ಮೊಣಕೈಯ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಿ ನೋಡತಕ್ಕದ್ದು. ಮರುದಿನದ ತನಕ ಕೆಂಪಾಗಲಿ ತುರಿಕೆಯಾಗಲಿ ಕಾಣದಿದ್ದರೆ ಹಚ್ಚಬಹುದು. ಜಾತ್ರೆಗೆ ಬಂದ ಅಪರಿಚಿತ ಮಕ್ಕಳಿಗೆ ಹೀಗೆ ಮಾಡಲಾಗದು ನಿಜ. ಅಲ್ಲಿ ಮುಖ ಬಿಟ್ಟು ಮುಂಗೈಗೆ ಸಣ್ಣ ಚಿತ್ರ ಬರೆಯುವುದೇ ಲೇಸು. ಮೂರು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ. ಕೂಸು ಕೈಯನ್ನು ಬಾಯಿಗೆ ಹಾಕದೆ ಇರುವುದಿಲ್ಲ.

ಬರೆಯುವ ಕ್ರಮದಲ್ಲಿ ಹುಲಿವೇಷದ ಬಣ್ಣಗಾರನೇ ನಮಗೆ ಗುರು. ಅವನು ಮೊದಲು ಮೈಗೆಲ್ಲ ತಿಳಿಬಣ್ಣ ಕೊಟ್ಟು, ಅದು ಒಣಗಿದ ಮೇಲೆ ಪಟ್ಟೆ ಎಳೆಯುತ್ತಾನೆ. ಪಟ್ಟೆಹುಲಿಗೆ ಒಂದು ಲೆಕ್ಕ, ಚಿಟ್ಟೆಹುಲಿಗೆ ಒಂದು ಲೆಕ್ಕ. ಕಾರ್ಟೂನಿಗೂ ಅದೇ. ಮುಖದ ದುಂಡು ಆಕಾರವನ್ನು ತಿಳಿಬಣ್ಣದಲ್ಲಿ ತುಂಬಿ, ಒಣಗಲು ಬಿಟ್ಟು, ಕಣ್ಣು, ಬಾಯಿ, ಹೊರಗೆರೆಗಳನ್ನು ಕಪ್ಪಿನಲ್ಲಿ ಕೊನೆಗೆ ಎಳೆಯಿರಿ. ಗೆರೆ ಕಡಿಮೆಯಾದಷ್ಟು ಚಿತ್ರ ಚೆನ್ನಾಗಿ ಕಾಣುತ್ತದೆ. ಛೋಟಾ ಭೀಮನಿಗೆ ತಲೆಯ ಮೇಲಿನ ಜುಟ್ಟು ಸರಿಯಾಗಿ ಬಂದರೆ ಮಕ್ಕಳು ಉಳಿದದ್ದನ್ನು ಕ್ಷಮಿಸುತ್ತಾರೆ. ಕಣ್ಣಿನ ಸುತ್ತ ಒಂದು ಬೆರಳಗಲ ಬಿಡಬೇಕು. ತುಟಿಗೆ ಹಚ್ಚಬಾರದು. ಗಾಯ, ಕಜ್ಜಿ, ಸೊಳ್ಳೆ ಕಚ್ಚಿ ಕೆರೆದ ಜಾಗ ಇದ್ದರೆ ಅಲ್ಲಿ ಬರೆಯಬಾರದು.

ಕುಂಚದ ಶುಚಿತ್ವ ಬಣ್ಣದಷ್ಟೇ ಮುಖ್ಯ. ಒಂದೇ ಕುಂಚ, ಒಂದೇ ಲೋಟದ ನೀರು, ನೂರು ಮಕ್ಕಳು ಎಂದಾದರೆ ಒಬ್ಬನ ಹುಳುಕಡ್ಡಿ, ಒಬ್ಬಳ ಕೆಂಗಣ್ಣು, ಇನ್ನೊಬ್ಬನ ಕಜ್ಜಿ ಎಲ್ಲರಿಗೂ ಹಂಚಿಹೋಗುತ್ತದೆ. ಸ್ಪಂಜನ್ನು ಕತ್ತರಿಸಿ ಮಗುವಿಗೊಂದು ತುಂಡು ಕೊಡಿ. ಗೆರೆ ಎಳೆಯಲು ಹತ್ತಿ ಸುತ್ತಿದ ಹೊಸ ಕಡ್ಡಿ ಬಳಸಿ ಎಸೆಯಿರಿ. ಬಣ್ಣವನ್ನು ಡಬ್ಬಿಯಿಂದ ನೇರ ಮುಟ್ಟದೆ ಬಾಳೆಲೆಯ ಚೂರಿಗೆ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಬಾಳೆಲೆಗೆ ನಮ್ಮಲ್ಲಿ ಬರವಿಲ್ಲವಷ್ಟೆ.

ಬಣ್ಣ ತೆಗೆಯುವ ಹೊತ್ತಿಗೆ ಎಲ್ಲರಿಗೂ ನಿದ್ದೆ. ಮಗು ಹಾಗೆಯೇ ಮಲಗಿಬಿಡುತ್ತದೆ. ದಯವಿಟ್ಟು ಎಬ್ಬಿಸಿ ತೊಳೆಯಿರಿ. ತೆಂಗಿನೆಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗಿನ ಹಳೇ ಬಟ್ಟೆಯಿಂದ ಒರೆಸಿ, ಬೆಚ್ಚಗಿನ ನೀರು ಮತ್ತು ಮೈಸಾಬೂನಿನಿಂದಲೋ ಹೆಸರುಹಿಟ್ಟಿನಿಂದಲೋ ತೊಳೆದರೆ ಸಾಕು. ಅರಿಶಿನದ ಚಿತ್ರವಾದರೆ ಸಾಬೂನು ತಾಗಿದೊಡನೆ ಕೆಂಪಾಗುವುದುಂಟು. ಅದು ಸಾಬೂನಿನ ಕ್ಷಾರದ ಗುಣ, ರಕ್ತವೆಂದು ಗಾಬರಿಯಾಗಬೇಡಿ.

ಸೀಮೆಎಣ್ಣೆ, ಪೆಟ್ರೋಲು, ಥಿನ್ನರು ಮುಟ್ಟಲೇಬಾರದು. ಎನಾಮೆಲ್ ಹಚ್ಚಿದವರು ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುವುದು ಒಂದು ಗಾಯದ ಮೇಲೆ ಇನ್ನೊಂದು ಗಾಯ. ಬಣ್ಣದಿಂದ ಬಿಸುಪಾದ ಚರ್ಮ ಸೀಮೆಎಣ್ಣೆಗೆ ಬೊಕ್ಕೆ ಏಳುತ್ತದೆ. ಬೀಡಿ ಹಚ್ಚಿದವರೊಬ್ಬರು ಪಕ್ಕದಲ್ಲಿ ನಿಂತರೆ ಏನಾದೀತೆಂದು ಹೇಳಬೇಕಾಗಿಲ್ಲ. ಇದಕ್ಕಿಂತಲೂ ಘೋರವಾದದ್ದು, ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ಬಾಯಾರಿದ ಮಗು ಕುಡಿದುಬಿಡುವುದು. ಹಾಗಾದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಬರುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಈಗಾಗಲೇ ಎನಾಮೆಲ್ ಹಚ್ಚಿಕೊಂಡವರು ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಮೆಲ್ಲನೆ ಒರೆಸಲಿ. ಒಂದೇ ದಿನಕ್ಕೆ ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ದಿನಾ ಹೀಗೆ ಮಾಡಿದರೆ ಮೇಲ್ಚರ್ಮದೊಡನೆ ತಾನಾಗಿ ಕಳಚುತ್ತದೆ. ತೆಂಗಿನ ನಾರಿನಿಂದ ತಿಕ್ಕಬೇಡಿ.

ಬಣ್ಣ ಕಣ್ಣಿಗೆ ಹೋದರೆ ಉಜ್ಜದೆ, ಶುದ್ಧ ನೀರನ್ನು 15 ನಿಮಿಷ ಕಣ್ಣಿಗೆ ಹರಿಸಬೇಕು. ಮುಖ ಬಾತರೆ, ತುಟಿ ದಪ್ಪವಾದರೆ, ಉಸಿರು ಕಟ್ಟಿದಂತಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ. ಜಾತ್ರೆಯ ಗದ್ದಲದಲ್ಲಿ ಈ ಸಂಖ್ಯೆಯನ್ನು ಬಣ್ಣದ ಮೇಜಿನ ಎದುರೇ ಬರೆದು ತೂಗುಹಾಕುವುದು ಸಮಿತಿಯವರ ಕೆಲಸ.

ಏನನ್ನು ಬರೆಯಬೇಕು ಎಂಬುದನ್ನು ಮಕ್ಕಳು ಹೇಳುತ್ತಾರೆ. ಏನನ್ನು ಬರೆಯಬಾರದು ಎಂಬುದನ್ನು ದೊಡ್ಡವರು ಹೇಳಬೇಕಾಗುತ್ತದೆ. ದೈವದ ಮುಖವರ್ಣಿಕೆಯನ್ನು ಆಟಕ್ಕೆಂದು ಕೆನ್ನೆಯ ಮೇಲೆ ಬರೆಯಬೇಡಿ. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ದೈವದ ವೇಷವನ್ನು ಅನುಕರಿಸುವುದು ಹೆಚ್ಚಿತು. ದೈವ ಕಟ್ಟುವವರಿಗೆ ಅದರಿಂದ ಆದ ನೋವನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಹಾಗೆಯೇ ಮೈಗೆ ಮಸಿ ಬಳಿದು ಕೊರಗರ ವೇಷ ಹಾಕಿ ನಗಿಸುವ ಹಳೆಯ ರೂಢಿ ನಮ್ಮ ನಡುವೆಯೇ ಬಾಳುವ ಜನರನ್ನು ಹೀಯಾಳಿಸುವಂಥದ್ದು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಯುವಕ ಮಂಡಲಗಳು ಅಂಥ ವೇಷಕ್ಕೆ ಎಡೆಕೊಡಬಾರದು.

ಹುಲಿವೇಷದ ತಂಡದವರಿಗೆ ಒಂದು ಮಾತು. ನೀರಿನ ಮೈಬಣ್ಣ ಎನಾಮೆಲಿನಷ್ಟು ಹೊಳೆಯುವುದಿಲ್ಲ, ಬೆವರಿಗೆ ಸ್ವಲ್ಪ ಇಳಿಯುತ್ತದೆ, ಮರುದಿನ ಮತ್ತೆ ಬರೆಯಬೇಕಾಗುತ್ತದೆ, ಖರ್ಚೂ ಹೆಚ್ಚು. ಇದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿ ತೊಳೆದು ಮಲಗಬಹುದು, ಬೆಳಿಗ್ಗೆ ಹೊಸ ಬಣ್ಣದಲ್ಲಿ ಹೊರಡಬಹುದು. ಒಮ್ಮೆಲೇ ಇಡೀ ತಂಡಕ್ಕೆ ಆಗದಿದ್ದರೆ ಮೊದಲು ಮರಿಹುಲಿಗಳಿಂದ, ಅಂದರೆ ಕುಣಿಯುವ ಮಕ್ಕಳಿಂದ ಪ್ರಾರಂಭಿಸಿ. ಎನಾಮೆಲನ್ನೇ ಹಚ್ಚುತ್ತೇವೆಂದು ಹಟ ಹಿಡಿಯುವ ದೊಡ್ಡವರು ಮುಖ, ಕಂಕುಳು, ತೊಡೆಸಂದನ್ನಾದರೂ ಬಿಡಲಿ. ಮೈಯ ರೋಮ ಬೋಳಿಸಿದ ದಿನವೇ ಬಣ್ಣ ಬೇಡ, ಸಣ್ಣ ಗೀರುಗಳೆಲ್ಲ ತೆರೆದಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಸಿಂಪಡಿಸಬೇಡಿ, ಮೂಗಿಗೆ ಬಟ್ಟೆ ಕಟ್ಟಿದರೂ ಆ ಆವಿ ನಿಲ್ಲುವುದಿಲ್ಲ.

ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ರಿಂದ, ಸುಬ್ರಹ್ಮಣ್ಯದ ಚಂಪಾಷಷ್ಠಿ ಮಾರ್ಗಶಿರದಲ್ಲಿ, ಮಾರ್ನೆಮಿ ಅದಕ್ಕೂ ಮೊದಲು. ಸಮಿತಿಗಳು ಚಂದಾ ಎತ್ತುವ ಸಭೆಯಲ್ಲೇ ಬಣ್ಣಕ್ಕೊಂದು ಬಾಬತ್ತು ತೆಗೆದಿಡಬಹುದು. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿದ್ದು ಓದಲು ಕಷ್ಟವಾದರೆ, ನಾನು ನಿಮ್ಮ ಗ್ರಾಮಕ್ಕೆ ಬರುವ ದಿನ ಡಬ್ಬಿಯನ್ನೇ ತನ್ನಿ. ಕೂತು ಓದಿ ಹೇಳುತ್ತೇನೆ. ಕೂವೆಹಿಟ್ಟಿನ ಬಣ್ಣ ಕಲಸುವುದನ್ನು ನೋಡಬೇಕೆಂಬ ಮಹಿಳಾ ಮಂಡಲದವರು ಒಂದು ವಾರ ಮುಂಚೆ ತಿಳಿಸಿದರೆ ಸಾಕು. ಕೂವೆಹಿಟ್ಟು, ತೆಂಗಿನೆಣ್ಣೆ ನಿಮ್ಮದು. ಕೋಲ್ಡ್ ಕ್ರೀಮ್ ಮತ್ತು ಹತ್ತಿ ನಾನು ತರುತ್ತೇನೆ.